ಅಂಗಳದ ಬಲ್ಬು ಆರಿಸಿ, ಉಲ್ಕೆ ಹಿಡಿಯಿರಿ

ಉಲ್ಕಾಪಾತದ ಸುದ್ದಿ ಜೋರಾಗಿ ಹರಡುವುದು ಆಗಸ್ಟ್ ತಿಂಗಳಲ್ಲಿ. 12-13ರ ರಾತ್ರಿ ಪರ್ಸಿಯಡ್ ಉಲ್ಕೆಗಳನ್ನು ನೋಡಿ, ಫೋಟೊ ತೆಗೆಯಿರಿ ಎಂದು ಎಲ್ಲೆಡೆ ಕರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಆ ಕರೆಯಿಂದ ಮೂರು ಕಾಸಿನ ಉಪಯೋಗವಿಲ್ಲ. ಆಗ ಇಲ್ಲಿ ಮಳೆಯ ನಡುವೆ ಅಡಿಕೆಗೆ ಕೊಳೆ ಮದ್ದು ಹೊಡೆಯಲಿಕ್ಕೆ ಅರ್ಧ ದಿನದ ಹೊಳವಾದರೂ ಆದೀತೇ ಎಂದು ಕಾಯುವ ಕಾಲ. ಚುಕ್ಕಿ ಕಾಣುವ ಮಾತೆಲ್ಲಿ? ಮೇ ಮೊದಲ ವಾರದ ಈಟಾ ಅಕ್ವೇರಿಯಡ್ ಹೊತ್ತಿಗೆ ಮುಂಗಾರುಪೂರ್ವ ಮೋಡದ ಕಾಟ. ಅಕ್ಟೋಬರಿನ ಓರಿಯಾನಿಡ್ ಹೊತ್ತಿಗೆ ಹಿಂಗಾರಿನ ಗುಡುಗು. ಘಟ್ಟದ ಮೇಲಿನವರಿಗೆ ನಂಬಿಕೆಯಿಂದ ಒದಗಿ ಬರುವ ದೊಡ್ಡ ಉಲ್ಕಾಪಾತವೆಂದರೆ ಡಿಸೆಂಬರಿನ ಜೆಮಿನಿಡ್. ಕ್ಯಾಮೆರಾ ಇದ್ದವರು ತಮ್ಮ ಹುರುಪನ್ನೆಲ್ಲ ಅದಕ್ಕೇ ಮೀಸಲಿಡುವುದು ಲೇಸು.

ಪ್ರತಿವರ್ಷ ಡಿಸೆಂಬರ್ ಮೊದಲ ವಾರದಲ್ಲಿ ಶುರುವಾಗುವ ಜೆಮಿನಿಡ್ 20ರವರೆಗೂ ಅಷ್ಟಿಷ್ಟು ಇರುತ್ತದೆ. ಭರಾಟೆ 13-14ರ ಸುಮಾರಿಗೆ. ಹೆಚ್ಚಿನ ಉಲ್ಕಾಪಾತಗಳಿಗೆ ಧೂಮಕೇತುಗಳು ಚೆಲ್ಲಿ ಹೋದ ದೂಳು ಕಾರಣ. ಇದಕ್ಕೆ ಮಾತ್ರ ಮೂಲ ಫೇಥಾನ್ ಎಂಬ ಕ್ಷುದ್ರಗ್ರಹ. 1983ರಲ್ಲಿ ಐರಾಸ್ ಉಪಗ್ರಹದ ಚಿತ್ರಗಳಲ್ಲಿ ಪತ್ತೆಯಾದದ್ದು. ಸುಮಾರು ಒಂದು ವರ್ಷ ಐದು ತಿಂಗಳಿಗೊಮ್ಮೆ ಸೂರ್ಯನನ್ನು ಸುತ್ತುವ ಈ ಕಲ್ಲು ಬುಧ ಗ್ರಹಕ್ಕಿಂತಲೂ ಒಳಕ್ಕೆ ಹೋಗಿ ಬರುತ್ತದೆ. ಅದು ಉದುರಿಸಿದ ಚೂರುಗಳು ನಮ್ಮ ವಾತಾವರಣಕ್ಕೆ ನುಗ್ಗುವ ವೇಗ ಸೆಕೆಂಡಿಗೆ ಸುಮಾರು 35 ಕಿ.ಮೀ. ಕೇಳಲಿಕ್ಕೆ ಭಯಂಕರ, ಆದರೆ ಉಲ್ಕೆಗಳ ಲೆಕ್ಕದಲ್ಲಿ ಇದು ನಿಧಾನದ ನಡಿಗೆ. ನವೆಂಬರಿನ ಲಿಯೊನಿಡ್ ಸೆಕೆಂಡಿಗೆ 71 ಕಿ.ಮೀ. ಓಡುತ್ತದೆ. ಬೆಳಕು ತುಂಬಿದ ಆಕಾಶದಲ್ಲಿ ಫೋಟೊ ತೆಗೆಯುವವರಿಗೆ ಈ ನಿಧಾನವೇ ವರ. ನಿಧಾನ ಸಾಗುವ ಉಲ್ಕೆ ಸೆನ್ಸರಿನ ಒಂದೊಂದು ಬಿಂದುವಿನ ಮೇಲೂ ತುಸು ಹೆಚ್ಚು ಹೊತ್ತು ನಿಂತು, ಗಾಢವಾದ ಗೆರೆ ಬಿಡುತ್ತದೆ.

ಇನ್ನೊಂದು ಅನುಕೂಲ ಹೊತ್ತಿನದು. ಪರ್ಸಿಯಡ್, ಲಿಯೊನಿಡ್‌ಗಳಿಗೆ ನಡುರಾತ್ರಿ ಕಳೆದ ಮೇಲೆಯೇ ಕಳೆ. ಜೆಮಿನಿಡ್ ಉಲ್ಕೆಗಳು ಹೊಮ್ಮಿದಂತೆ ಕಾಣುವ ಬಿಂದು ಮಿಥುನ ರಾಶಿಯ ಕ್ಯಾಸ್ಟರ್ ನಕ್ಷತ್ರದ ಪಕ್ಕದಲ್ಲಿದೆ. ಕ್ಯಾಸ್ಟರ್, ಪೊಲಕ್ಸ್ ಜೋಡಿಯೇ ನಮ್ಮ ಪುನರ್ವಸು. ಜುಲೈನಲ್ಲಿ ಪುನರ್ವಸು ಮಳೆ ಹಿಡಿಯಿತೋ ಬಿಟ್ಟಿತೋ ಎಂದು ಲೆಕ್ಕ ಹಾಕುವ ಕೃಷಿಕರು ಡಿಸೆಂಬರಿನಲ್ಲಿ ಅದೇ ಎರಡು ಚುಕ್ಕಿಗಳನ್ನು ಕಣ್ಣಾರೆ ಕಾಣಬಹುದು. ರಾತ್ರಿ ಎಂಟರ ಸುಮಾರಿಗೆ ಈಶಾನ್ಯದಲ್ಲಿ ಹುಟ್ಟಿ, ಹತ್ತು ಗಂಟೆಗೆ ಬಾನಿನ ಮೂರನೇ ಒಂದು ಪಾಲು ಮೇಲೇರಿ, ಎರಡೂವರೆಯ ಹೊತ್ತಿಗೆ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ಬಂದು ನಿಲ್ಲುತ್ತವೆ. ಅಂದರೆ ಊಟ ಮುಗಿಸಿ ಕ್ಯಾಮೆರಾ ಜೋಡಿಸಿದರೂ ಫಲವುಂಟು. ರಾತ್ರಿ ಹನ್ನೊಂದರಿಂದ ನಾಲ್ಕರವರೆಗೆ ಕಾದರೆ ಪೂರ್ಣ ಫಲ.

2026ರ ಡಿಸೆಂಬರ್ ಇದಕ್ಕೆ ಹೇಳಿ ಮಾಡಿಸಿದಂತಿದೆ. 9ರಂದು ಅಮಾವಾಸ್ಯೆ. 13ರ ರಾತ್ರಿ ಎಳೆಯ ಚಂದ್ರ ಹತ್ತರ ಆಸುಪಾಸಿಗೆ, 14ರ ರಾತ್ರಿ ಹನ್ನೊಂದರ ಆಸುಪಾಸಿಗೆ ಮುಳುಗಿರುತ್ತಾನೆ. ಎರಡೂ ರಾತ್ರಿ ಕಾಯಿರಿ. ಒಂದು ರಾತ್ರಿ ಮಂಜು ಕೈಕೊಟ್ಟರೆ ಇನ್ನೊಂದಿದೆ. ಅಲ್ಲದೆ ಜೆಮಿನಿಡ್‌ನಲ್ಲಿ ದಪ್ಪ ಚೂರುಗಳು, ಅಂದರೆ ಹೆಚ್ಚು ಹೊಳೆಯುವ ಉಲ್ಕೆಗಳು, ಭರಾಟೆಯ ಕೊನೆಯ ಹೊತ್ತಿಗೆ ಬರುವುದು ರೂಢಿ.

ಗಂಟೆಗೆ 150 ಎಂಬ ಸುಳ್ಳಲ್ಲದ ಸುಳ್ಳು

ಜೆಮಿನಿಡ್‌ನಲ್ಲಿ ಗಂಟೆಗೆ 150 ಉಲ್ಕೆ ಎಂದು ಓದಿರುತ್ತೀರಿ. ಆ ಸಂಖ್ಯೆಗೆ ಎರಡು ಷರತ್ತುಗಳಿವೆ: ಉಲ್ಕೆ ಹೊಮ್ಮುವ ಬಿಂದು ನೆತ್ತಿಯ ಮೇಲೇ ಇರಬೇಕು, ಆಕಾಶ 6.5ನೇ ಕಾಂತಿಮಾನದ ಮಸುಕು ನಕ್ಷತ್ರ ಕಾಣುವಷ್ಟು ಕಪ್ಪಗಿರಬೇಕು. ಕಾಂತಿಮಾನದ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಸುಕು. ಬೆಳಕಿನಿಂದಾಗಿ ಒಂದು ಕಾಂತಿಮಾನ ಕಳೆದುಕೊಂಡರೆ ಕಾಣುವ ಜೆಮಿನಿಡ್ ಉಲ್ಕೆಗಳು ಹೆಚ್ಚುಕಡಿಮೆ ಎರಡೂವರೆ ಪಟ್ಟು ತಗ್ಗುತ್ತವೆ. 5.5ರವರೆಗೆ ಕಾಣುವ ಹಳ್ಳಿಯ ಅಂಚಿನಲ್ಲಿ 150 ಇದ್ದದ್ದು 60ರ ಹತ್ತಿರ, 4.5ರವರೆಗಷ್ಟೇ ಕಾಣುವ ಪೇಟೆಯ ಮನೆಯಲ್ಲಿ ಇಪ್ಪತ್ತು ಚಿಲ್ಲರೆ. ರಾತ್ರಿ ಹತ್ತು ಗಂಟೆಗೆ ಬಿಂದು ಇನ್ನೂ ಕೆಳಗಿರುವುದರಿಂದ ಅದರಲ್ಲೂ ಅರ್ಧ. ಇವು ಕಣ್ಣಿನ ಲೆಕ್ಕ. ಕ್ಯಾಮೆರಾ ನೋಡುವುದು ಆಕಾಶದ ಒಂದು ತುಂಡನ್ನು, ಅದರಲ್ಲೂ ಹೊಳಪಿನ ಉಲ್ಕೆಗಳನ್ನು ಮಾತ್ರ. ಶಿರಸಿ ಪೇಟೆಯ ಮನೆಯಿಂದ ರಾತ್ರಿಯಿಡೀ ಕ್ಲಿಕ್ಕಿಸಿ ಬೆರಳೆಣಿಕೆಯಷ್ಟು ಒಳ್ಳೆಯ ಗೆರೆ ಸಿಕ್ಕರೂ ಅದು ಗೆಲುವೇ.

ನಿಮ್ಮ ಅಂಗಳದ ಆಕಾಶ ಎಷ್ಟು ಕಪ್ಪಗಿದೆ ಎಂದು ತಿಳಿಯಲು ಉಪಕರಣ ಬೇಡ. ಹೊರಗಿನ ಬಲ್ಬುಗಳನ್ನೆಲ್ಲ ಆರಿಸಿ, ಇಪ್ಪತ್ತು ನಿಮಿಷ ಮೊಬೈಲ್ ಮುಟ್ಟದೆ ಕತ್ತಲಲ್ಲಿ ಕುಳಿತು ಕೃತ್ತಿಕೆಯನ್ನು ನೋಡಿ. ಆರು ಚುಕ್ಕಿ ಬಿಡಿಬಿಡಿಯಾಗಿ ಕಂಡರೆ ನಿಮ್ಮ ಜಾಗ ಸಾಕಷ್ಟು ಚೆನ್ನಾಗಿದೆ. ಮಸುಕು ಮುದ್ದೆಯಂತೆ ಮಾತ್ರ ಕಂಡರೆ ಮುಂದೆ ಹೇಳುವ ಚಿಕ್ಕ ಎಕ್ಸ್‌ಪೋಷರ್ ದಾರಿ ಹಿಡಿಯಿರಿ.

ಬೆಳಕು ಎಲ್ಲಿಂದ ಬರುತ್ತದೆ

ಬೆಂಗಳೂರಿನವರ ಕಣ್ಣಿಗೆ ನಮ್ಮ ಮೂರೂ ತಾಲ್ಲೂಕು ಕಗ್ಗತ್ತಲ ಕಾಡು. ಅದು ಅರ್ಧ ನಿಜ. ಶಿರಸಿಯ ಐದು ರಸ್ತೆ, ಬಸ್ ನಿಲ್ದಾಣ, ಮಾರಿಕಾಂಬಾ ದೇವಸ್ಥಾನದ ಸುತ್ತು, ಅಡಿಕೆ ಮಾರುಕಟ್ಟೆಯ ಕಡೆ ರಾತ್ರಿಯಿಡೀ ಬಿಳಿ ಬೆಳಕು. ಯಲ್ಲಾಪುರದ ನಡುವೆಯೇ ಹುಬ್ಬಳ್ಳಿ-ಅಂಕೋಲಾ ಹೆದ್ದಾರಿ ಹಾದುಹೋಗುತ್ತದೆ, ಲಾರಿಗಳ ಹೆಡ್‌ಲೈಟಿಗೆ ಬಿಡುವಿಲ್ಲ. ಆದರೂ ಸತ್ಯ ಹೇಳಬೇಕೆಂದರೆ ಇಲ್ಲಿ ಫೋಟೊ ಹಾಳುಮಾಡುವ ಬೆಳಕಿನ ದೊಡ್ಡ ಮೂಲ ಪೇಟೆಯಲ್ಲ, ನಮ್ಮದೇ ಅಂಗಳ. ಡಿಸೆಂಬರ್ ಎಂದರೆ ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ರಾಶಿ ಬಿದ್ದ ಅಡಿಕೆಯನ್ನು ಸುಲಿಯುವವರಿಗೆ ಪ್ರಖರವಾದ ಫ್ಲಡ್‌ಲೈಟು ಬೇಕು. ಬೇಯಿಸುವ ಒಲೆಯ ಹೊಗೆ ಗಾಳಿಯಾಡದ ಕಣಿವೆಯಲ್ಲಿ ಚಪ್ಪರ ಹಾಕಿದಂತೆ ನಿಂತು, ಆ ಬೆಳಕನ್ನೆಲ್ಲ ಹಿಡಿದು ಹರಡುತ್ತದೆ. ಪಕ್ಕದ ಊರಲ್ಲಿ ಯಕ್ಷಗಾನವಿದ್ದರಂತೂ ಮುಗಿಯಿತು. ಅಂದು ಕ್ಯಾಮೆರಾ ಒಳಗಿಟ್ಟು ಆಟಕ್ಕೆ ಹೋಗುವುದೇ ಮೇಲು.

ಬೆಳಕಿನ ಬಣ್ಣದ ಮಾತೂ ಇದೆ. ಮೊದಲಿನ ಹಳದಿ ಸೋಡಿಯಂ ದೀಪಗಳ ಬೆಳಕು ಬಹುಪಾಲು ಹಳದಿ-ಕಿತ್ತಳೆ ಬಣ್ಣದ ಪಟ್ಟಿಯಲ್ಲಿರುತ್ತಿತ್ತು. ಲೆನ್ಸಿನ ಮುಂದೆ ಫಿಲ್ಟರ್ ಹಾಕಿದರೆ ಸಾಕಷ್ಟು ಸೋಸಿ ತೆಗೆಯಬಹುದಿತ್ತು. ಕೇಂದ್ರ ಸರ್ಕಾರದ ಬೀದಿದೀಪ ಯೋಜನೆ 2015ರಲ್ಲಿ ಶುರುವಾದ ಮೇಲೆ ದೇಶದ ಊರೂರಿನ ಕಂಬಗಳಿಗೆ ಬಿಳಿ ಎಲ್‌ಇಡಿ ಬಂತು. ಅದರಲ್ಲಿ ಎಲ್ಲ ಬಣ್ಣಗಳೂ ಬೆರೆತಿವೆ, ನೀಲಿ ಹೆಚ್ಚಿದೆ. ನೀಲಿ ಬೆಳಕು ಗಾಳಿಯಲ್ಲಿ ಬೇಗ ಚದುರುವುದರಿಂದ ಆಕಾಶ ಇನ್ನಷ್ಟು ಬೆಳಗುತ್ತದೆ, ಸೋಸುವುದು ಕಷ್ಟ. ಹಾಗಾಗಿ ಬೆಳಕು ಮಾಲಿನ್ಯದ ಫಿಲ್ಟರ್ ಎಂದು ಮಾರುವ ದುಬಾರಿ ಗಾಜಿಗೆ ಈಗ ದುಡ್ಡು ಹಾಕುವುದು ದಂಡ. ಅದು ಉಲ್ಕೆಯ ಬೆಳಕನ್ನೂ ಸ್ವಲ್ಪ ನುಂಗುತ್ತದೆ. ಅದೇ ದುಡ್ಡಿಗೆ ಒಳ್ಳೆಯ ಟ್ರೈಪಾಡ್ ಬರುತ್ತದೆ.

ಪೇಟೆಯ ಬೆಳಕನ್ನು ಬೆನ್ನಿಗೆ ಹಾಕಿಕೊಳ್ಳುವುದು ಮೊದಲ ಸೂತ್ರ. ಶಿರಸಿಯಿಂದ ಸಿದ್ದಾಪುರ ರಸ್ತೆಯ ಕಡೆ ಇರುವವರಿಗೆ ಪೇಟೆ ಉತ್ತರಕ್ಕೆ. ಅವರು ದಕ್ಷಿಣಕ್ಕೆ, ಮಹಾವ್ಯಾಧ ಮತ್ತು ಲುಬ್ಧಕ ಇರುವ ಕಡೆಗೆ ಕ್ಯಾಮೆರಾ ತಿರುಗಿಸಲಿ. ಬನವಾಸಿ ರಸ್ತೆಯವರಿಗೆ ಪೇಟೆ ಪಶ್ಚಿಮಕ್ಕೆ, ಪೂರ್ವದ ಬಯಲು ತೆರೆದಿದೆ. ಕುಮಟಾ ರಸ್ತೆಯವರ ಪಶ್ಚಿಮ ಮತ್ತು ನೈಋತ್ಯಕ್ಕೆ ಅಘನಾಶಿನಿ ಕಣಿವೆಯ ಕಾಡು. ಇದಕ್ಕಿಂತ ಕಪ್ಪು ಆಕಾಶ ಬೇಕಾದರೆ ದೂರ ಹೋಗಬೇಕು. ಯಲ್ಲಾಪುರ ರಸ್ತೆಯಲ್ಲಿ ಸೋಂದಾ ಕಡೆಯವರಿಗೆ ದಕ್ಷಿಣದಲ್ಲಿ ಶಿರಸಿಯ ಬೆಳಕು, ಈಶಾನ್ಯದ ಅಂಚಿನಲ್ಲಿ ದೂರದ ಹುಬ್ಬಳ್ಳಿಯ ಪ್ರಭೆ. ಅವರಿಗೆ ಪಶ್ಚಿಮವೇ ಗತಿ. ಸಿದ್ದಾಪುರದವರು ಆಗ್ನೇಯದ ಸಾಗರ ಮತ್ತು ಉತ್ತರದ ಶಿರಸಿಯನ್ನು ಬಿಟ್ಟು ಪಶ್ಚಿಮದ ಘಟ್ಟದ ಕಡೆ ನೋಡಬೇಕು. ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರವಾದ್ದರಿಂದ ಈಶಾನ್ಯ ಕೆಟ್ಟದ್ದು, ಬೇಡ್ತಿ ಕಣಿವೆಯಿರುವ ದಕ್ಷಿಣ ಒಳ್ಳೆಯದು.

ಉಲ್ಕೆ ಹೊಮ್ಮುವ ಬಿಂದು ಈಶಾನ್ಯದಲ್ಲಿದ್ದರೆ ದಕ್ಷಿಣಕ್ಕೋ ಪಶ್ಚಿಮಕ್ಕೋ ಯಾಕೆ ತಿರುಗಬೇಕು ಎಂದು ಕೇಳಬಹುದು. ಉಲ್ಕೆಗಳು ಆಕಾಶದ ಯಾವ ಮೂಲೆಯಲ್ಲೂ ಕಾಣಿಸಿಕೊಳ್ಳುತ್ತವೆ, ಅವುಗಳ ದಾರಿಯನ್ನು ಹಿಂದಕ್ಕೆ ಎಳೆದರೆ ಮಾತ್ರ ಮಿಥುನ ಸಿಗುತ್ತದೆ. ಬಿಂದುವಿನ ಹತ್ತಿರ ಗೆರೆಗಳು ಗಿಡ್ಡ, ದೂರ ಹೋದಷ್ಟೂ ಉದ್ದ. ಬಿಂದುವಿನಿಂದ 40ರಿಂದ 60 ಡಿಗ್ರಿ ದೂರದ, ನಿಮಗೆ ಅತ್ಯಂತ ಕಪ್ಪಾಗಿ ಕಾಣುವ ಆಕಾಶವೇ ಸರಿಯಾದ ಗುರಿ. ಎತ್ತರವೂ ಮುಖ್ಯ. ದಿಗಂತದ ಹತ್ತಿರ ಪೇಟೆಯ ಪ್ರಭೆ ದಟ್ಟವಾಗಿರುತ್ತದೆ. 50 ಡಿಗ್ರಿಗಿಂತ ಮೇಲೆ ಅದೇ ಊರಿನ ಆಕಾಶ ಬೇರೆಯೇ ಊರಿನದ್ದೆನ್ನುವಷ್ಟು ಕಪ್ಪಗಿರುತ್ತದೆ. ಚೌಕಟ್ಟಿನ ಕೆಳಗೆ ಅಡಿಕೆ ಮರಗಳ ತಲೆ ತುಸುವೇ ಬಂದರೆ ಸಾಕು.

ಇನ್ನು ಜಾಗ. ಮಾಗೋಡು, ಜೇನುಕಲ್ಲು ಗುಡ್ಡ, ಸಾತೊಡ್ಡಿ, ಉಂಚಳ್ಳಿ, ಯಾಣ ಎಂದು ಪ್ರವಾಸಿ ತಾಣಗಳ ಹೆಸರು ಮನಸ್ಸಿಗೆ ಬರುವುದು ಸಹಜ. ರಾತ್ರಿಗೆ ಅವು ಬೇಡ. ಅರಣ್ಯ ಇಲಾಖೆಯ ಹತೋಟಿಯ ಜಾಗಗಳಲ್ಲಿ ಕತ್ತಲಾದ ಮೇಲೆ ಅನುಮತಿಯಿಲ್ಲದೆ ಇರುವಂತಿಲ್ಲ. ಕಾಡುಕೋಣ, ಕರಡಿಗೆ ಉಲ್ಕಾಪಾತದ ವೇಳಾಪಟ್ಟಿ ಗೊತ್ತಿಲ್ಲ. ಪೇಟೆಯಿಂದ ಹತ್ತು-ಹದಿನೈದು ಕಿ.ಮೀ. ದೂರದ ನೆಂಟರ ಮನೆಯ ಅಂಗಳ, ಪರಿಚಿತರ ಹೋಮ್‌ಸ್ಟೇ, ಊರಿನವರನ್ನು ಕೇಳಿಕೊಂಡು ಶಾಲೆಯ ಮೈದಾನ, ಇವೇ ಒಳ್ಳೆಯ ವೀಕ್ಷಣಾಲಯಗಳು. ತೋಟದ ಪಕ್ಕದ ಮನೆಗಳು ಕಣಿವೆಯಲ್ಲಿರುವುದರಿಂದ ಗುಡ್ಡಗಳು ಪೇಟೆಯ ನೇರ ಬೆಳಕನ್ನು ತಡೆಯುತ್ತವೆ. ಆದರೆ ಆಕಾಶದ ತುಂಡು ಸಣ್ಣದು, ಮಧ್ಯರಾತ್ರಿ ಕಳೆದ ಮೇಲೆ ಮಂಜು ಮೊದಲು ತುಂಬುವುದೂ ಅಲ್ಲೇ. ಕಣಿವೆಗಿಂತ ಐವತ್ತು-ನೂರು ಅಡಿ ಮೇಲಿನ ದಿಬ್ಬದ ಮನೆ ಸಿಕ್ಕರೆ ಬಿಡಬೇಡಿ. ಬನವಾಸಿ ಕಡೆಯ ಗದ್ದೆ ಬಯಲಿನಲ್ಲಿ ಆಕಾಶ ವಿಶಾಲ, ಆದರೆ ಗದ್ದೆಯ ಮೇಲೂ ಮಂಜು ಕೂರುತ್ತದೆ.

ನೆರೆಮನೆಯ ದೀಪಕ್ಕೆ ತಂತ್ರಜ್ಞಾನವಿಲ್ಲ, ಬಾಯಿಯೇ ಉಪಾಯ. “ಅಕ್ಕಾ, ಇವತ್ತು ರಾತ್ರಿ ಒಂದೆರಡು ತಾಸು ಹೊರಗಿನ ಲೈಟು ಆರಿಸ್ತೀರಾ? ಚುಕ್ಕಿ ಬೀಳೋದರ ಫೋಟೊ ತೆಗೆಯೋದಿದೆ” ಎಂದು ಹಗಲೇ ಹೇಳಿಟ್ಟರೆ ಬಹುತೇಕ ಯಾರೂ ಇಲ್ಲವೆನ್ನುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಅವರೂ ಬಂದು ಕೂರಬಹುದು, ಅದಕ್ಕೆ ಸಿದ್ಧರಿರಿ. ಕರೆಂಟು ಹೋದರೆ ಆ ಒಂದು ರಾತ್ರಿ ಬೈಯಬೇಡಿ.

ಎಕ್ಸ್‌ಪೋಷರ್: ಹೆಚ್ಚು ಹೊತ್ತು ಬೇಡ

ಇಡೀ ಲೇಖನದಲ್ಲಿ ನೆನಪಿಡಬೇಕಾದ ಒಂದು ಮಾತಿದ್ದರೆ ಅದು ಇದು: ಶಟರ್ ಹೆಚ್ಚು ಹೊತ್ತು ತೆರೆದಿಟ್ಟ ಮಾತ್ರಕ್ಕೆ ಉಲ್ಕೆ ಹೆಚ್ಚು ಹೊಳೆಯುವುದಿಲ್ಲ. ನಕ್ಷತ್ರ ಒಂದೇ ಕಡೆ ನಿಂತು ಬೆಳಕು ಸುರಿಸುತ್ತದೆ. ಎಕ್ಸ್‌ಪೋಷರ್ ಬೆಳೆದಂತೆ ಬೆಳಗುತ್ತದೆ. ಉಲ್ಕೆ ಸೆನ್ಸರಿನ ಒಂದು ಬಿಂದುವಿನ ಮೇಲೆ ಸೆಕೆಂಡಿನ ನೂರನೇ ಒಂದು ಪಾಲೂ ನಿಲ್ಲುವುದಿಲ್ಲ. ನೀವು 5 ಸೆಕೆಂಡ್ ಇಟ್ಟರೂ 30 ಸೆಕೆಂಡ್ ಇಟ್ಟರೂ ಅದು ಬಿಟ್ಟುಹೋಗುವ ಬೆಳಕು ಅಷ್ಟೇ. ಆದರೆ ಪೇಟೆಯ ಪ್ರಭೆ ಮಾತ್ರ ಪ್ರತಿ ಸೆಕೆಂಡಿಗೂ ಸುರಿದು ತುಂಬುತ್ತಲೇ ಇರುತ್ತದೆ. ಒಂದು ಹನಿ ಕುಂಕುಮದ ನೀರು ಲೋಟದಲ್ಲಿ ಬಿದ್ದರೆ ಬಣ್ಣ ತೋರುತ್ತದೆ, ಬಚ್ಚಲ ಹಂಡೆಯಲ್ಲಿ ಬಿದ್ದರೆ ಕಾಣದೇ ಹೋಗುತ್ತದೆ. ಆದ್ದರಿಂದ ಬೆಳಕಿರುವ ಊರಿನಲ್ಲಿ ಚಿಕ್ಕ ಎಕ್ಸ್‌ಪೋಷರ್, ಹೆಚ್ಚು ಫ್ರೇಮ್. ಕಪ್ಪು ಆಕಾಶದವರಿಗಾಗಿ ಬರೆದ 30 ಸೆಕೆಂಡ್ ಸಲಹೆಯನ್ನು ಶಿರಸಿ ಪೇಟೆಯಲ್ಲಿ ಪಾಲಿಸಿದರೆ ಸಿಗುವುದು ಹಾಲಿನಂಥ ಬಿಳುಪು.

ಉಲ್ಕೆಯನ್ನು ನಿಜಕ್ಕೂ ಗಾಢವಾಗಿಸುವುದು ಲೆನ್ಸಿನ ಬಾಯಿಯ ಅಗಲ. ಕ್ಯಾಮೆರಾದ ಜೊತೆ ಬರುವ 18-55 ಲೆನ್ಸ್ 18 ಎಂಎಂ, ಎಫ್/3.5ರಲ್ಲಿ ತೆರೆಯುವುದು ಐದು ಮಿ.ಮೀ. ಅಗಲದ ಕಿಂಡಿ. 24 ಎಂಎಂ ಎಫ್/2.8ರಲ್ಲಿ ಅದು ಎಂಟೂವರೆ ಮಿ.ಮೀ. 50 ಎಂಎಂ ಎಫ್/1.8ರಲ್ಲಿ ಇಪ್ಪತ್ತೇಳು ಮಿ.ಮೀ.ಗೂ ಹೆಚ್ಚು. 14ರಿಂದ 24 ಎಂಎಂ ಅಗಲ ನೋಟದ ಲೆನ್ಸ್ ಎಲ್ಲರೂ ಶಿಫಾರಸು ಮಾಡುವುದು, ತಪ್ಪಲ್ಲ. ಆದರೆ ಪೇಟೆಯೊಳಗೇ ಸಿಕ್ಕಿಹಾಕಿಕೊಂಡವರಿಗೆ ನನ್ನ ಓಟು 35 ಅಥವಾ 50 ಎಂಎಂ ಎಫ್/1.8 ಲೆನ್ಸಿಗೆ. ಬೆಲೆಯೂ ಕಡಿಮೆ. ಆಕಾಶದ ಸಣ್ಣ ತುಂಡನ್ನೇ ನೋಡುತ್ತದೆ ನಿಜ, ಆದರೆ ಮೇಲಿನ ಕಪ್ಪು ತುಂಡನ್ನೇ ಆರಿಸಿಕೊಳ್ಳಬಹುದು. ಅದರಲ್ಲಿ ಸಿಕ್ಕ ಉಲ್ಕೆ ಹಿನ್ನೆಲೆಯಿಂದ ಎದ್ದು ಕಾಣುತ್ತದೆ.

ಹೊಂದಿಸುವ ಕ್ರಮ ಹೀಗಿರಲಿ. ಮ್ಯಾನ್ಯುವಲ್ ಮೋಡ್, ರಾ ಫೈಲ್. ಅಪರ್ಚರ್ ಪೂರ್ತಿ ತೆರೆದಿರಲಿ. ಅಂಚಿನ ನಕ್ಷತ್ರಗಳು ತೀರ ಹಕ್ಕಿಗಳಂತೆ ರೆಕ್ಕೆ ಬಿಚ್ಚಿದರೆ ಮಾತ್ರ ಒಂದು ಹಂತ ಇಳಿಸಿ. ಐಎಸ್‌ಒ ಪೇಟೆಯಲ್ಲಿ 1600, ಹಳ್ಳಿಯಲ್ಲಿ 3200. ಇನ್ನು ಶಟರ್ ಸಮಯವನ್ನು ಹಿಸ್ಟೋಗ್ರಾಂ ನೋಡಿ ಹುಡುಕಬೇಕು: ಆಕಾಶದ ಗುಡ್ಡೆ ಎಡಗಡೆಯಿಂದ ಕಾಲು ಭಾಗ ದಾಟಿ ಮೂರನೇ ಒಂದರೊಳಗೆ ನಿಲ್ಲಬೇಕು. ಶಿರಸಿ ಪೇಟೆಯ ಮಾಳಿಗೆಯಿಂದ 4-8 ಸೆಕೆಂಡಿನಿಂದ ಶುರುಮಾಡಿ. ಸಿದ್ದಾಪುರ, ಯಲ್ಲಾಪುರ ಪೇಟೆಯಂಚಿನಲ್ಲಿ 8-12. ಗುಡ್ಡದ ಹಿಂದಿನ ಹಳ್ಳಿಯಲ್ಲಿ 15-20. ಅದಕ್ಕಿಂತ ಮೇಲೆ ಹೋದರೆ ಭೂಮಿ ತಿರುಗುವುದರಿಂದ ನಕ್ಷತ್ರಗಳೇ ಎಳೆದ ಗೆರೆಯಾಗುತ್ತವೆ. 500ನ್ನು ಲೆನ್ಸಿನ ಎಂಎಂನಿಂದ ಭಾಗಿಸಿದರೆ ಮಿತಿ ಸಿಗುತ್ತದೆ; ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ 24 ಎಂಎಂಗೆ 20 ಸೆಕೆಂಡ್, 50 ಎಂಎಂಗೆ 10. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಇನ್ನೂ ಕಡಿಮೆ. ವೈಟ್ ಬ್ಯಾಲೆನ್ಸ್ 4,000 ಕೆಲ್ವಿನ್ ಆಸುಪಾಸು ಸ್ಥಿರವಾಗಿರಲಿ. ರಾ ಫೈಲಿನಲ್ಲಿ ಆಮೇಲೂ ಬದಲಿಸಬಹುದು.

ಫೋಕಸ್ ಮಾತ್ರ ಅವಸರದಿಂದ ಆಗುವ ಕೆಲಸವಲ್ಲ. ಆಟೊ ಫೋಕಸ್ ಬಂದ್ ಮಾಡಿ, ಲೈವ್ ವ್ಯೂನಲ್ಲಿ ಲುಬ್ಧಕವನ್ನು ಹತ್ತು ಪಟ್ಟು ದೊಡ್ಡದಾಗಿಸಿ, ಅದು ಅತಿ ಸಣ್ಣ ಚುಕ್ಕಿಯಾಗುವವರೆಗೆ ರಿಂಗ್ ತಿರುಗಿಸಿ. ಲುಬ್ಧಕ ಇನ್ನೂ ಏಳದಿದ್ದರೆ ರೋಹಿಣಿ ಆದೀತು. ಆಮೇಲೆ ರಿಂಗಿಗೆ ಟೇಪ್ ಅಂಟಿಸಿ. ಲೆನ್ಸಿನ ಮೇಲೆ ಬರೆದ ಅನಂತದ ಗುರುತನ್ನು ನಂಬಬೇಡಿ. ಲೆನ್ಸಿನ ಸ್ಟೆಬಿಲೈಸೇಷನ್ ಬಂದ್ ಮಾಡಿ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಎಂಬುದನ್ನೂ ಬಂದ್ ಮಾಡಿ. ಅದು ಪ್ರತಿ ಫೋಟೊ ಆದಮೇಲೆ ಅಷ್ಟೇ ಹೊತ್ತು ಬಾಗಿಲು ಮುಚ್ಚಿ ಕೂರುತ್ತದೆ. ಅರ್ಧ ರಾತ್ರಿ ಹಾಗೇ ಹೋಗುತ್ತದೆ, ಒಳ್ಳೆಯ ಉಲ್ಕೆ ಬರುವುದು ಆಗಲೇ.

ಇಂಟರ್ವಲ್ ಟೈಮರ್ ಹಾಕಿ, ಎರಡು ಫೋಟೊಗಳ ನಡುವೆ ಒಂದು ಸೆಕೆಂಡಿಗಿಂತ ಹೆಚ್ಚು ಅಂತರ ಬಿಡದಂತೆ ಓಡಲು ಬಿಡಿ. ಉಲ್ಕೆ ಕಂಡ ಮೇಲೆ ಬಟನ್ ಒತ್ತುವುದು ಸಾಧ್ಯವೇ ಇಲ್ಲದ ಮಾತು. 8 ಸೆಕೆಂಡಿನ ಫೋಟೊ, ಒಂದು ಸೆಕೆಂಡ್ ಬಿಡುವು ಎಂದರೆ ನಾಲ್ಕು ತಾಸಿಗೆ 1,600 ಫ್ರೇಮ್. ಒಂದೊಂದು ರಾ ಫೈಲು 25 ಎಂಬಿ ಎಂದರೆ 40 ಜಿಬಿ. 64 ಜಿಬಿಯ ಖಾಲಿ ಕಾರ್ಡು, ಎರಡಾದರೂ ಬ್ಯಾಟರಿ ಬೇಕು. ಮಿರರ್‌ಲೆಸ್ ಕ್ಯಾಮೆರಾದವರು ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಯಂತ್ರದ ಸವೆತ ಉಳಿಯುತ್ತದೆ. ಕ್ಯಾಮೆರಾ ಒಮ್ಮೆ ಗುರಿಯಿಟ್ಟ ಮೇಲೆ ಅರ್ಧ ತಾಸಿಗೊಮ್ಮೆ ದಿಕ್ಕು ಬದಲಿಸುತ್ತಾ ಕೂರಬೇಡಿ.

ಬರೇ ಮೊಬೈಲ್ ಇದ್ದವರೂ ಕೈಚೆಲ್ಲಬೇಕಿಲ್ಲ. ಪ್ರೊ ಮೋಡ್‌ನಲ್ಲಿ ಮುಖ್ಯ ಲೆನ್ಸ್ ಆರಿಸಿ. ಅಗಲ ನೋಟದ ಎರಡನೇ ಲೆನ್ಸಿನ ಕಿಂಡಿ ಚಿಕ್ಕದು, ಅದು ಬೇಡ. ಐಎಸ್‌ಒ 1600, ಶಟರ್ 8-10 ಸೆಕೆಂಡ್, ಫೋಕಸ್ ಅನಂತಕ್ಕೆ, ಸ್ಟ್ಯಾಂಡ್ ಕಡ್ಡಾಯ. ತಾನೇ ಒಂದಾದ ಮೇಲೊಂದು ಕ್ಲಿಕ್ಕಿಸುವ ಆ್ಯಪ್ ಹಾಕಿಕೊಳ್ಳಿ. ನೈಟ್ ಮೋಡ್ ಹಲವು ಫೋಟೊಗಳನ್ನು ಬೆರೆಸುವಾಗ ಒಂದರಲ್ಲಷ್ಟೇ ಬಂದ ಉಲ್ಕೆಯನ್ನು ಕಸವೆಂದು ಅಳಿಸಿಹಾಕಬಹುದು, ಎಚ್ಚರ. ದೊಡ್ಡ ಉಲ್ಕೆ ಸಿಕ್ಕರೆ ಮೊಬೈಲಿನಲ್ಲೂ ಸಿಗುತ್ತದೆ, ಸಣ್ಣವು ಸಿಗುವುದಿಲ್ಲ.

ಇಬ್ಬನಿ, ಉಣುಗು

ನಮ್ಮ ಕಡೆ ಕ್ಯಾಮೆರಾಗಳನ್ನು ಸೋಲಿಸುವುದು ಬೆಳಕಿಗಿಂತ ಹೆಚ್ಚಾಗಿ ಇಬ್ಬನಿ. ಮೋಡವಿಲ್ಲದ ರಾತ್ರಿ ಲೆನ್ಸಿನ ಗಾಜು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತಾ ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ. ಒಡನೆ ಮಲೆನಾಡಿನ ತೇವ ಅದರ ಮೇಲೆ ಕೂರುತ್ತದೆ. ಹನ್ನೆರಡರ ಹೊತ್ತಿಗೆ ಗಾಜು ಮಂಜಾದದ್ದು ಗೊತ್ತಾಗದೆ ಬೆಳಗಿನವರೆಗೂ ಕ್ಯಾಮೆರಾ ಓಡಿದರೆ ಸಾವಿರ ಮಸುಕು ಫೋಟೊ ಕೈಗೆ ಬರುತ್ತದೆ. ಲೆನ್ಸಿಗೆ ಸುತ್ತುವ ಯುಎಸ್‌ಬಿ ಬಿಸಿಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ, ಪವರ್ ಬ್ಯಾಂಕಿನಿಂದ ಓಡುತ್ತದೆ. ಈ ಕೆಲಸಕ್ಕೆ ಕೊಳ್ಳಬೇಕಾದ ಒಂದೇ ವಸ್ತುವಿದ್ದರೆ ಇದು. ಅದನ್ನು ಇಬ್ಬನಿ ಕೂರುವ ಮೊದಲೇ ಹಚ್ಚಿಡಬೇಕು, ಕೂತ ಮೇಲೆ ಅಲ್ಲ. ಲೆನ್ಸ್ ಹುಡ್ ಹಾಕಿ. ಪಕ್ಕದ ಬೆಳಕನ್ನೂ ತಡೆಯುತ್ತದೆ. ಅರ್ಧ ತಾಸಿಗೊಮ್ಮೆ ಕೆಂಪು ಟಾರ್ಚಿನಲ್ಲಿ ಗಾಜು ನೋಡಿ. ಮುಗಿದ ಮೇಲೆ ತಣ್ಣಗಾದ ಕ್ಯಾಮೆರಾವನ್ನು ಹೊರಗೇ ಚೀಲದೊಳಗಿಟ್ಟು ಮುಚ್ಚಿ, ಆಮೇಲೆ ಒಳಗೆ ತನ್ನಿ. ನೇರ ಅಡುಗೆಮನೆಯ ಬೆಚ್ಚನೆಗೆ ತಂದರೆ ಒಳಗೂ ಹೊರಗೂ ನೀರೊಡೆಯುತ್ತದೆ.

ಮನುಷ್ಯರ ಕ್ಷೇಮವೂ ಇದೆ. ಉಲ್ಕೆ ನೋಡಲು ನೆಲದ ಮೇಲೆ ಅಂಗಾತ ಮಲಗಿ ಎಂದು ಹೊರದೇಶದವರು ಬರೆಯುತ್ತಾರೆ. ಇಲ್ಲಿ ಬೆಟ್ಟದ ತರಗೆಲೆಯ ಮೇಲೆ ಮಲಗುವುದು ಖಂಡಿತ ಬೇಡ. ಮಂಗನಕಾಯಿಲೆ ಹರಡುವ ಉಣುಗುಗಳು ಚುರುಕಾಗುವುದು ಮಳೆಗಾಲ ಮುಗಿದು ಒಣಹವೆ ಹಿಡಿದ ಮೇಲೆ. 1957ರಲ್ಲಿ ಈ ರೋಗ ಮೊದಲು ಪತ್ತೆಯಾದ ಕ್ಯಾಸನೂರು ಸಿದ್ದಾಪುರಕ್ಕೆ ತಾಗಿದ ಸೊರಬ ತಾಲ್ಲೂಕಿನದು. 2024ರಲ್ಲೂ ಸಿದ್ದಾಪುರ ತಾಲ್ಲೂಕಿನಲ್ಲಿ ಅದು ಜೀವ ತೆಗೆದಿದೆ. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿ, ಕಾಲು ಮುಚ್ಚುವ ಬಟ್ಟೆ, ಬೂಟು ಹಾಕಿ. ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಮನೆಯಲ್ಲಿದ್ದರೆ ಹಚ್ಚಿಕೊಳ್ಳಿ. ಗದ್ದೆಯ ಅಂಚಿನಲ್ಲಿ ನಡೆಯುವಾಗ ಟಾರ್ಚು ನೆಲಕ್ಕೇ ಇರಲಿ. ಮಂಡಲದ ಹಾವು ದಾರಿ ಬಿಡುವುದಿಲ್ಲ.

ಬೆಳಗಾದ ಮೇಲೆ

ಮರುದಿನ ಸಾವಿರ ಫ್ರೇಮುಗಳನ್ನು ಒಂದೊಂದಾಗಿ ನೋಡುವುದು ಬೇಸರದ ಕೆಲಸ. ಆದರೆ ದೊಡ್ಡ ಪರದೆಯಲ್ಲಿ ವೇಗವಾಗಿ ಓಡಿಸಿದರೆ ಕಣ್ಣು ತಾನೇ ಹಿಡಿಯುತ್ತದೆ. ಒಂದೇ ಫ್ರೇಮಿನಲ್ಲಿ ಬಂದು ಹೋದ, ಎರಡೂ ತುದಿ ಮೊನಚಾಗಿ ನಡುವೆ ದಪ್ಪಗಿರುವ, ಕೆಲವೊಮ್ಮೆ ಹಸಿರು ಛಾಯೆಯ ಗೆರೆ ಉಲ್ಕೆ. ಸಾಲಾಗಿ ಹಲವು ಫ್ರೇಮುಗಳಲ್ಲಿ ಮುಂದುವರಿದರೆ ಉಪಗ್ರಹ. ಚುಕ್ಕಿಚುಕ್ಕಿಯಾಗಿ ಮಿನುಗಿದರೆ ವಿಮಾನ. ಗೋವಾ, ಹುಬ್ಬಳ್ಳಿ ಕಡೆಯ ಹಾರಾಟ ನಮ್ಮ ತಲೆಯ ಮೇಲೇ ಇದೆ. ಉಪಗ್ರಹಗಳ ಕಾಟ ಸಂಜೆ ಮತ್ತು ನಸುಕಿನಲ್ಲಿ ಹೆಚ್ಚು. ನಡುರಾತ್ರಿ ಕೆಳ ಕಕ್ಷೆಯವು ಬಹುಪಾಲು ಭೂಮಿಯ ನೆರಳಿನಲ್ಲಿರುತ್ತವೆ. ಗೆರೆಯನ್ನು ಹಿಂದಕ್ಕೆ ಎಳೆದು ಪುನರ್ವಸುವಿನ ಕಡೆ ಹೋದರೆ ಜೆಮಿನಿಡ್, ಇಲ್ಲವಾದರೆ ಬಿಡಿ ಉಲ್ಕೆ.

ಪೇಟೆಯ ಪ್ರಭೆಯನ್ನು ಕಂಪ್ಯೂಟರಿನಲ್ಲಿ ಇಳಿಸಬಹುದು. ಉಲ್ಕೆಯಿಲ್ಲದ ಇಪ್ಪತ್ತು-ಮೂವತ್ತು ಫ್ರೇಮುಗಳನ್ನು ಸೀಕ್ವೇಟರ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಕೂರಿಸಿದರೆ ನಾಯ್ಸ್ ಇಳಿದು ಸ್ವಚ್ಛ ಆಕಾಶ ಸಿಗುತ್ತದೆ. ಒಂದು ಕಡೆಯಿಂದ ಏರುವ ಹಳದಿ-ಬಿಳಿ ಪ್ರಭೆಯನ್ನು ತಗ್ಗಿಸಲು ಗ್ರಾಕ್ಸ್‌ಪರ್ಟ್, ಅದೂ ಉಚಿತ. ಅದರ ಮೇಲೆ ಉಲ್ಕೆಗಳ ಫ್ರೇಮುಗಳಿಂದ ಗೆರೆಗಳನ್ನು ಮಾತ್ರ ಲೈಟನ್ ಮೋಡ್‌ನಲ್ಲಿ ಕೂರಿಸಿ, ನಕ್ಷತ್ರಗಳು ಒಂದಕ್ಕೊಂದು ಹೊಂದುವಂತೆ ತಿರುಗಿಸಿ. ಹಲವು ತಾಸಿನ ಉಲ್ಕೆಗಳನ್ನು ಒಂದೇ ಚಿತ್ರಕ್ಕೆ ತಂದಿದ್ದರೆ ಹಾಗೆಂದು ಬರೆಯಿರಿ. ಒಂದೇ ಕ್ಷಣದಲ್ಲಿ ಇಪ್ಪತ್ತು ಉಲ್ಕೆ ಬಿದ್ದವು ಎಂಬಂತೆ ಹಂಚಿಕೊಳ್ಳುವ ಚಿತ್ರಗಳಿಂದಲೇ ಜನ ಅಂಗಳಕ್ಕೆ ಬಂದು, ಹತ್ತು ನಿಮಿಷ ನೋಡಿ, ಏನೂ ಇಲ್ಲವೆಂದು ಒಳಗೆ ಹೋಗುವುದು. ಎಲ್ಲ ಪ್ರಭೆಯನ್ನೂ ಅಳಿಸಲೇಬೇಕೆಂದಿಲ್ಲ. ಅಡಿಕೆ ಮರದ ತಲೆಯ ಹಿಂದೆ ಶಿರಸಿಯ ಬೆಳಕು ತುಸು ಉಳಿದಿರುವ ಚಿತ್ರ ನಮ್ಮ ಊರಿನದೇ ಎಂದು ಗುರುತು ಸಿಗುತ್ತದೆ. ಎಲ್ಲ ಸೋಸಿದ ಮೇಲೆ ಅದು ಯಾವ ಊರಿನದೂ ಆಗಬಹುದು.

ಕ್ಯಾಮೆರಾ ತಾನಾಗಿ ಓಡುತ್ತಿರುವಾಗ ಕೈ ಖಾಲಿ. ಅರ್ಧರ್ಧ ತಾಸಿಗೆ ಎಷ್ಟು ಉಲ್ಕೆ ಕಂಡಿತೆಂದು ಎಣಿಸಿ, ಕಂಡ ಅತಿ ಮಸುಕು ನಕ್ಷತ್ರದ ಕಾಂತಿಮಾನದ ಜೊತೆ ಬರೆದಿಡಿ. 1988ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಉಲ್ಕಾ ಸಂಘಟನೆ ಇಂಥ ಹವ್ಯಾಸಿಗಳ ಲೆಕ್ಕವನ್ನು ತನ್ನ ಜಾಲತಾಣದಲ್ಲಿ ಸ್ವೀಕರಿಸುತ್ತದೆ. ಪೇಟೆಯಂಚಿನ ಲೆಕ್ಕವೂ ನಡೆಯುತ್ತದೆ, ಆಕಾಶದ ಸ್ಥಿತಿ ಪ್ರಾಮಾಣಿಕವಾಗಿ ಬರೆದಿದ್ದರೆ ಸಾಕು.

ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಡಿ: 2026ರ ಡಿಸೆಂಬರ್ 13 ಮತ್ತು 14ರ ರಾತ್ರಿ. ಅದಕ್ಕೂ ಒಂದು ವಾರ ಮೊದಲು ಫೋಕಸ್, ಶಟರ್ ಸಮಯ, ಬಿಸಿಪಟ್ಟಿ ಮೂರನ್ನೂ ನಿಮ್ಮದೇ ಅಂಗಳದಲ್ಲಿ ಒಮ್ಮೆ ಪರೀಕ್ಷಿಸಿ. 2027ರ ಡಿಸೆಂಬರ್ 13 ಹುಣ್ಣಿಮೆ. ಆ ವರ್ಷ ಬೆಳದಿಂಗಳೇ ಎಲ್ಲ ಬೀದಿದೀಪಗಳನ್ನೂ ಮೀರಿಸುತ್ತದೆ. 2026 ತಪ್ಪಿದರೆ ಆಮೇಲಿನ ಒಳ್ಳೆಯ ಅವಕಾಶ 2028ರಲ್ಲಿ.